ದುಪ್ಪಟಿಯ ಎರಡು ತುದಿ

ಮೇಜಿನ ಮೇಲೆ ನೀಲಿ ಚೆಂಡು, ಅದರ ಪಕ್ಕದಲ್ಲಿ ಅತ್ತೆಯ ಬಲಗೈ, ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ, ಎತ್ತಿ ಅಮ್ಮ, ಚೆಂಡು ಎತ್ತಿ, ಫಿಸಿಯೋಥೆರಪಿಯ ಯಶೋದ ಮತ್ತೆ ಹೇಳುತ್ತಿದ್ದಾಳೆ, ಕೈ ಅಲುಗುವುದಿಲ್ಲ, ಕೊಳ್ಳೇಗಾಲದ ಬಸ್ಸುಗಳ ಹಾರ್ನು ಕಿಟಕಿಯಿಂದ ನುಗ್ಗುತ್ತದೆ, ಸೊಸೆ ನಾಗಶ್ರೀಗೆ ತನ್ನ ಬೆರಳುಗಳೇ ಬಿಗಿದುಕೊಂಡಂತಾಗುತ್ತದೆ, ಹೊನ್ನೂರಿನ ಗದ್ದೆಯಲ್ಲಿ ನಾಟಿಗಿಳಿದರೆ ಉಳಿದ ಹೆಂಗಸರೆಲ್ಲ ಈ ಕೈಯ ಓಟಕ್ಕೇ ಬಗ್ಗುತ್ತಿದ್ದರಲ್ಲವೇ, ಮದುವೆಯಾದ ಹೊಸತರಲ್ಲಿ ತಾನು ಹಿಂದೆ ಬಿದ್ದಾಗ ಬೈಯದೆ ತನ್ನ ಪಾಲಿನ ಪೈರನ್ನೂ ನೆಟ್ಟುಕೊಂಡು ಹೋದದ್ದು ಇದೇ ಕೈಯಲ್ಲವೇ, ಏಳು ಅಂದ್ರೆ ಏಳಾಕಿಲ್ಲ ಕಣವ್ವ ಅದು, ಯಾಕ್ ಕರ್ಕಂಡು ಬತ್ತೀಯೆ, ನಾಳಿಂದ ನಾ ಬರಾಕಿಲ್ಲ, ಬೆಳಿಗ್ಗೆ ಬಸ್ಸಿನಲ್ಲಿ ಅತ್ತೆ ಚನ್ನಮಲ್ಲಮ್ಮ ತೊದಲಿದ್ದು, ಲಕ್ವ ಹೊಡೆದ ಮೇಲೆ ಆಡಿದ ಅಷ್ಟುದ್ದದ ಮೊದಲ ಮಾತು, ಅದೂ ಬೇಡ ಅನ್ನುವುದಕ್ಕೆ.

ಯಶೋದ ಚೆಂಡನ್ನು ಪಕ್ಕಕ್ಕಿಟ್ಟಳು, ಇವತ್ತಿಗೆ ಸಾಕು ಬಿಡಿ, ಮಂಚದ ಮೇಲೆ ಹಾಸಿದ್ದ ದುಪ್ಪಟಿಯನ್ನು ನಾಗಶ್ರೀ ತೆಗೆದುಕೊಂಡಳು, ತಾವು ತಂದದ್ದು, ಮಡಚಿ ಚೀಲಕ್ಕೆ ಹಾಕಬೇಕು, ಏನೂ ಯೋಚಿಸದೆ, ಮನೆಯಲ್ಲಿ ಇಷ್ಟು ವರ್ಷ ಮಾಡಿದ ಹಾಗೆ, ಒಂದು ತುದಿ ಅತ್ತೆಯ ಕಡೆ ಚಾಚಿದಳು, ಇಡ್ಕಳಿ ಅತ್ತೆ, ಮಡ್ಸವ — ಚಾಚಿದ ಮೇಲೆ ನೆನಪಾಯಿತು, ಎಂಥ ಕೆಲಸ ಮಾಡಿದೆ, ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಅತ್ತೆಯ ಎಡಗೈ ಒಂದು ಮೂಲೆ ಹಿಡಿಯಿತು, ಆಮೇಲೆ, ನಡುಗುತ್ತ, ಮೇಜು ಬಿಟ್ಟು, ಬಲಗೈ ಇನ್ನೊಂದನ್ನು.

ಕೈ ನೋಡಬೇಡಿ, ಮಡಚ್ತಾ ಇರಿ, ಯಶೋದ ಪಿಸುಗುಟ್ಟುತ್ತಾಳೆ, ನಾನು ಮಾಡ್ತೀನಿ ಅನ್ನೋದೂ ನಾವು ಮಾಡೋಣ ಅನ್ನೋದೂ ಮೆದುಳಲ್ಲಿ ಒಂದೇ ಥರ ಮೂಡಲ್ವಂತೆ, ಜೊತೆಗಿರೋರ ಪಾಲೂ ಅದರೊಳಗೆ ಸೇರಿರುತ್ತಂತೆ, ಇವರಿಗೆ ಒಂದು ದಾರಿ ಮುಚ್ಚಿದ್ರೂ ಇನ್ನೊಂದು ತೆರೆದಿದೆಯೋ ಏನೋ, ನನಗೂ ಖಚಿತ ಇಲ್ಲ — ಹಾಗಾದರೆ ಆ ತಲೆಯೊಳಗೆ, ರಕ್ತ ಹೆಪ್ಪುಗಟ್ಟಿದ ಜಾಗದ ಆಚೆ, ತಾನೂ ಇದ್ದೇನೆಯೇ, ತನ್ನ ಕೈ, ತನ್ನ ತುದಿ, ತಾನು ಮುಂದಿಡುವ ಹೆಜ್ಜೆ, ಎಲ್ಲ ಜೋಪಾನವಾಗಿ, ಎಂಥ ಹೆಂಗಸಪ್ಪ, ತನಗೆಂದು ಒಂದು ಚೆಂಡು ಎತ್ತಲಾಗದೆ ಕೂತು ನನ್ನನ್ನು ಒಳಗಿಟ್ಟುಕೊಂಡು — ಸೊಟ್ಟ ಇಡ್ದಿದ್ದೀಯ ಕಣವ್ವ, ಅತ್ತೆ ರೇಗುತ್ತಾರೆ, ನಿನ್ ಕಡೀಕೆ ತಗ್ಗೈತೆ — ನೋಡಿದರೆ ಹೌದು, ತನ್ನ ತುದಿಯೇ ನೆಲ ಸವರುತ್ತಿದೆ, ಕಣ್ಣು ಮಂಜಾಗಿ ಅಂಚು ಕಾಣದು, ಬಸ್ಸು, ನಾಳೆ, ಬರಾಕಿಲ್ಲ ಅಂದದ್ದು, ಎಲ್ಲ ಎಲ್ಲಿ ಹೋಯಿತೋ, ಎದುರಿಗೆ ಆ ಬಲಗೈ, ಎದೆಯ ಮಟ್ಟಕ್ಕೆ, ಮೂಲೆಯನ್ನು ಚಿವುಟಿ ಹಿಡಿದು, ನಡುಗುತ್ತ, ತನ್ನ ಕೈ ಬಂದು ಸೇರಲೆಂದು ಗಾಳಿಯಲ್ಲಿ ಕಾಯುತ್ತ, ಆ ಬಲಗೈ —