ಬೆಡ್‌ಶೀಟಿನ ಇನ್ನೊಂದು ತುದಿ

ಮೈಕಿಗೆ ಯಾರೋ ಉಫ್ ಎಂದು ಊದಿದರು, ಸಭಾಂಗಣವೇ ಉಸಿರು ಬಿಟ್ಟ ಹಾಗೆ ಕೇಳಿತು, ಹಿಂದಿನ ಸಾಲಿನಲ್ಲೂ ಜಾಗವಿಲ್ಲ, ಗೋಡೆಗೆ ಒರಗಿ ನಿಂತವರೇ ಎಷ್ಟೊಂದು, ಇವರೆಲ್ಲ ಎಲ್ಲಿಂದ ಬಂದರು, ಯಾರೋ ಒಬ್ಬರು ಮೂರು ನಿಮಿಷ ನಿಂತು ತಾನು ತೆರೆಯಬೇಕೆಂದಿರುವ ಅಂಗಡಿಯ ಬಗ್ಗೆ ಹೇಳುವುದನ್ನು ಕೇಳಲು ಇಷ್ಟು ಕಿವಿಗಳೇ — ಮೊದಲ ವರ್ಷ ನಾವು ಬೆರಳೆಣಿಕೆಯ ಜನ, ಅದೂ ಕ್ಷೌರದಂಗಡಿಯಲ್ಲಿ, ಹಿಂದಿನ ಕೋಣೆ ಸುಮ್ನೆ ಖಾಲಿ ಬಿದ್ದಿದೆ, ನಾಲ್ಕು ಜನಕ್ಕೆ ಉಪಯೋಗ ಆಗೋ ಕಸುಬು ಯಾರು ಮಾಡ್ತೀರೋ ಅವರಿಗೆ ಒಂದು ವರ್ಷ ಬಾಡಿಗೆ ಬೇಡ, ಬನ್ನಿ, ಈ ಕುರ್ಚೀಲಿ ಕೂತು ಹೇಳಿ, ಆದ್ರೆ ಬೇಗ ಹೇಳಿ, ಗಿರಾಕಿ ಕಾಯ್ತಿದ್ದಾರೆ, ಅಂದಿದ್ದರು ಅಂಗಡಿಯ ಅಣ್ಣ, ಆ ಗಿರಾಕಿಯ ಅವಸರವೇ ಆಮೇಲೆ ಮೂರು ನಿಮಿಷದ ನಿಯಮವಾಯಿತು, ಈಗ ಅದಕ್ಕೊಂದು ಕೆಂಪಂಕಿಯ ಗಡಿಯಾರ ಬೇರೆ. ಆ ತಿರುಗುವ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಾ ಹೇಳಿದ್ದೆ, ಒಂದೇ ಕೈ ಆಡುವವರೂ ತಾವಾಗಿ ತೊಟ್ಟುಕೊಳ್ಳುವಂಥ ಅಂಗಿ ಹೊಲಿಯುತ್ತೇನೆ, ಗುಂಡಿಯ ಬದಲು ಅಂಟುಪಟ್ಟಿ ಇರುತ್ತದೆ, ಎಂದು, ಆಗ ಮೊದಲು ಚಪ್ಪಾಳೆ ತಟ್ಟಿದವನು ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಆ ಗಿರಾಕಿಯೇ, ಯಾರವನು, ಆಮೇಲೆ ಏನಾದನೋ, ಕೋಣೆಯಂತೂ ನನಗೇ ಸಿಕ್ಕಿತು. ಮರುವರ್ಷ ಜನ ಬಾಗಿಲಾಚೆ ನಿಂತು ಇಣುಕಿದರು, ಅದರ ಮುಂದಿನ ವರ್ಷ ಶಾಲೆಯ ಊಟದ ಹಾಲ್, ನಮ್ದೂ ಒಂದು ಮಳಿಗೆ ಖಾಲಿ ಇದೆ ತಗೊಳ್ಳಿ ಎಂದು ಯಾರ್ಯಾರೋ ತಾವಾಗಿಯೇ ಬಂದರು, ಈಗ ಈ ಸಭಾಂಗಣ, ನಾನು ತೀರ್ಪುಗಾರ್ತಿ, ಪಕ್ಕದಲ್ಲಿ ಕ್ಷೌರದಂಗಡಿಯ ಅಣ್ಣ, ಇಷ್ಟೆಲ್ಲ ಬೆಳೆದ ಮೇಲೂ ಅವರು ಸ್ಪರ್ಧಿಯ ಮಾತಿಗಿಂತ ಮೊದಲು ತಲೆಗೂದಲು ನೋಡುತ್ತಾರೆ, ಇವನಿಗೆ ಯಾರಪ್ಪಾ ಕತ್ತರಿಸಿದ್ದು ಎಂದು ನನ್ನ ಕಿವಿಯಲ್ಲಿ ಗೊಣಗುತ್ತಾರೆ.

ಮುಂದಿನವರು ಬರಬೇಕು, ಎಂದು ಮೈಕಿನಲ್ಲಿ ಕರೆದರು, ಪರದೆ ಅಲ್ಲಾಡಿತು, ಮೊದಲು ಕಂಡದ್ದು ಒಂದು ನೀಲಿ ಬಕೆಟ್ಟು, ಆಮೇಲೆ ಅದನ್ನು ಹಿಡಿದ ಕೈ, ಆ ಬಳೆ ನನಗೆ ಗೊತ್ತು, ಅರೆ, ಇದು ನಮ್ಮಕ್ಕ — ನನ್ನ ಗಂಡನ ಅಕ್ಕ, ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಮೈಗೆ ಮೈ ತಾಗಿಸಿಕೊಂಡು ಓಡಾಡಿದವಳು, ಬೆಳಿಗ್ಗೆ ಚಹಾ ಕೊಟ್ಟು, ಹೊತ್ತಾಯ್ತು ಹೊರಡೇ, ಎಲ್ರ ಮಾತೂ ಸರಿಯಾಗಿ ಕೇಳಿಸ್ಕೋ, ಅಂದಳು, ಅಷ್ಟೇ, ತಾನೂ ಬರುವ ಸುಳಿವೇ ಕೊಡಲಿಲ್ಲ. ಹಾಗಾದರೆ ಈಚೆಗೆ ಮಹಡಿಯ ಮೇಲೆ ಒಬ್ಬಳೇ ಮಾತಾಡುತ್ತಿದ್ದುದು ಫೋನಿನಲ್ಲಲ್ಲ, ಇದನ್ನೇ ಬಾಯಿಪಾಠ ಮಾಡುತ್ತಿದ್ದಳೇ, ನನಗ್ಯಾಕೆ ಹೇಳಲಿಲ್ಲ, ಹೇಳಿದ್ದರೆ ನಾನು ಅವಳ ಮಾತನ್ನೆಲ್ಲ ತಿದ್ದಿ ನನ್ನದೇ ಮಾಡಿಬಿಡುತ್ತಿದ್ದೆನೆಂದೇ, ಇರಬಹುದು, ಅವಳಿಗೆ ನಾನು ಚೆನ್ನಾಗಿ ಗೊತ್ತು. ಎದ್ದು ನಿಂತೆ, ಇವರು ನಮ್ಮನೆಯವರು, ನಾನು ಅಂಕ ಕೊಡಲ್ಲ, ಎಂದೆ, ಸಭೆಯಲ್ಲಿ ಗುಜುಗುಜು, ಅಣ್ಣ ನನ್ನ ಸೆರಗು ಜಗ್ಗಿ, ಕೊಡಬೇಡ ತಂಗಿ, ಕೇಳೋಕೇನು ಅಡ್ಡಿ, ಕೂತ್ಕೋ ಎಂದರು. ಅಕ್ಕ ನನ್ನತ್ತ ನೋಡಲೇ ಇಲ್ಲ, ಮೈಕಿಗೆ ಹೇಳಿದಳು, ನಮ್ಮಮ್ಮ ಹಾಸಿಗೆ ಹಿಡಿದಿದ್ರು, ಅಂಥೋರು ಇರೋ ಮನೇಲಿ ದಿನಾ ಬೆಡ್‌ಶೀಟು, ಒಗೆಯೋದೇನೋ ಒಗೀಬಹುದು, ಹಿಂಡೋದು ಒಬ್ಬರ ಕೈಲಿ ಆಗಲ್ಲ, ನನಗೊಂದು ಮಳಿಗೆ ಕೊಡಿ, ಮನೆಮನೆಗೆ ಹೋಗಿ ತರ್ತೀನಿ, ಯಂತ್ರಕ್ಕೆ ಹಾಕಿ ಒಣಗಿಸಿ ಮಡಿಸಿ ವಾಪಸ್ ಕೊಡ್ತೀನಿ, ಅನುಮಾನ ಇದ್ರೆ ನೋಡಿ, ಎಂದು ಬಕೆಟ್ಟಿನಿಂದ ನೀರು ಸೋರುವ ಬೆಡ್‌ಶೀಟು ಎತ್ತಿದಳು, ಯಾರಾದ್ರೂ ಬಂದು ಈ ತುದಿ ಹಿಡೀರಿ. ಯಾರೂ ಏಳಲಿಲ್ಲ, ನೀರು ವೇದಿಕೆಯ ಹಲಗೆಯ ಮೇಲೆ ತೊಟ್ಟಿಕ್ಕುತ್ತಿದೆ, ಕೆಂಪಂಕಿ ಓಡುತ್ತಿದೆ, ಅತ್ತೆಯ ಕಾಯಿಲೆಯ ದಿನಗಳಲ್ಲಿ ಮಧ್ಯಾಹ್ನ ನಾವೆಲ್ಲ ಹೊರಗೆ, ಆಗ ಇನ್ನೊಂದು ತುದಿ ಯಾರು ಹಿಡಿಯುತ್ತಿದ್ದರು — ಕಿಟಕಿಯ ಸರಳಿಗೆ ಕಟ್ಟಿ ಹಿಂಡುತ್ತಿದ್ದಳೇ, ಅದಕ್ಕೇ ಆ ಸರಳು ಬಾಗಿದೆಯೇ, ನಾವು ಪಕ್ಕದ ಮನೆಯವರ ಚೆಂಡು ಬಡಿದೇ ಬಾಗಿತೆಂದು ಬೈದದ್ದೇ ಬೈದದ್ದು, ಅವಳು ಬಾಗಿಲಲ್ಲಿ ನಿಂತು ನಕ್ಕಿದ್ದಳಲ್ಲ, ಆ ನಗುವಿನಲ್ಲಿ ಇನ್ನೂ ಏನೇನಿತ್ತು. ಅಂಕ ಕೊಡದವಳಿಗೆ ಇಲ್ಲೇನು ಕೆಲಸ, ಮೆಟ್ಟಿಲು ಹತ್ತಿದೆ, ತುದಿ ಹಿಡಿದೆ, ಎಷ್ಟು ಭಾರ ಇದು, ತಿರುಗಿಸಿದೆ, ಬಿಗಿಯಲೊಲ್ಲದು, ಇಡೀ ಬಟ್ಟೆ ಅವಳ ಕೈಯಲ್ಲೂ ಗಿರಗಿರನೆ ಸುತ್ತಿತು, ನಿನ್ ಬಲಕ್ಕೆ ಕಣೇ, ನನ್ ಬಲಕ್ಕಲ್ಲ, ಎಂದಳು, ಮೈಕಿನಲ್ಲಿ ಕೇಳಿಸಿತು, ಸಭೆಯೆಲ್ಲ ಗೊಳ್ಳೆಂದಿತು, ಹಿಂದಿನ ಗೋಡೆಯಿಂದ ಯಾರೋ ಗಂಡಸು ಕೂಗಿದ, ಅಮ್ಮಾ, ಮಳಿಗೆ ಸಿಗ್ಲಿ ಬಿಡ್ಲಿ, ನಮ್ಮನೆಗೆ ನಾಳೆಯಿಂದ್ಲೇ ಬರ್ತೀರಾ, ಅಕ್ಕ ಅತ್ತ ತಿರುಗಿ, ಬರ್ತೀನಿ, ವಿಳಾಸ ಕೊಟ್ಟು ಹೋಗಿ, ಎಂದಳು, ಸಮಯ ಮುಗಿದ ಗಂಟೆ ಬಡಿಯಿತು, ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ, ನನ್ನ ಬಲಕ್ಕೆ, ಅವಳ ಬಲಕ್ಕೆ, ಬೆಡ್‌ಶೀಟು ನಮ್ಮಿಬ್ಬರ ನಡುವೆ ಹಗ್ಗದ ಹಾಗೆ ಬಿಗಿಯುತ್ತ, ಬಿಗಿಯುತ್ತ, ನಡುಮಧ್ಯದಿಂದ ನೀರು, ನೀರು —