ಕನೆಮೊರಿಯ ಕೊನೆಯ ಸೋಲು

ಷೂ ಲೇಸು ಬಿಚ್ಚಿಕೊಂಡಿದೆ, ಬಲಗಾಲಿನದು, ಈ ಸಂಜೆಯ ಮಟ್ಟಿಗೆ ಟೋವಾ ಪಾಯೋದಲ್ಲಿ, ಬಹುಶಃ ಇಡೀ ಸಿಂಗಪುರದಲ್ಲಿ, ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿರಲಾರದು ಎಂದು ಅನಂತರಾಮನಿಗೆ ಅನ್ನಿಸುತ್ತದೆ, ಯಾಕೆಂದರೆ ಪಂದ್ಯದ ನಡುವೆ ರೆಫರಿ ಬಗ್ಗುವ ಹಾಗಿಲ್ಲ, ಬಗ್ಗಿದನೆಂದರೆ ಅವನು ನೋಡುತ್ತಿಲ್ಲ ಎಂದರ್ಥ, ನೋಡುತ್ತಿಲ್ಲವೆಂದರೆ ಖಳನ ಪಾತ್ರದವನು ಮೋಸ ಮಾಡತಕ್ಕದ್ದು, ಅದು ಪ್ರೊ ರೆಸ್ಲಿಂಗ್ ಎಂಬ ಈ ಕಸುಬಿನ ಕಟ್ಟಳೆ — ವಾರವೆಲ್ಲ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಮೈಸೂರಿನ ಮನುಷ್ಯ ಶನಿವಾರ ಪಟ್ಟೆ ಅಂಗಿ ತೊಟ್ಟು ಕಣ್ಣೆದುರಿನ ತಪ್ಪು ಕಾಣದವನಂತೆ ನಟಿಸುತ್ತಾನೆ, ಮಗಳು ಜಾನ್ವಿಯ ಪ್ರಕಾರ ಆ ನಟನೆ ಅಪ್ಪನಿಗೆ ಹುಟ್ಟಿನಿಂದಲೇ ಬಂದದ್ದು, ಮನೇಲೂ ನಿಂಗೇನೂ ಕಾಣ್ಸಲ್ವಲ್ಲ ಅಪ್ಪಾ ಅನ್ನುತ್ತಾಳೆ, ಅಗೋ ಮೊದಲ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಕೂತಿದ್ದಾಳೆ, ಲೇಸು ವಿಡಿಯೋದಲ್ಲಿ ಬರುತ್ತಿರಬಹುದು, ಬರಲಿ, ಬಗ್ಗಬಾರದು, ಮುದುಕ ಇನ್ನೂ ಹೂಂ ಅಂದಿಲ್ಲ. ಮುದುಕ ಈಗ ಕಶ್ಯಪನ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜನರಿಗೆ ಹಲ್ಲು ತೋರಿಸುತ್ತಿದ್ದಾನೆ, ಕನೆಮೊರಿ ಟೆತ್ಸುಜಿ, ಅರವತ್ತರ ಹತ್ತಿರ, ಕಪ್ಪು ಚಡ್ಡಿ, ಸವೆದ ಬೂಟು, ಇವತ್ತು ಕೊನೆಯ ಪಂದ್ಯ, ಹೌಗಾಂಗ್‌ನಲ್ಲಿ ಬೆಳೆದ ಕಶ್ಯಪ ಅವನ ಶಿಷ್ಯ, ಕಸುಬು ಬಿಡುವವನು ಸೋತು ಬಿಡಬೇಕು, ಅದೂ ತಾನು ತಯಾರು ಮಾಡಿದ ಹುಡುಗನ ಕೈಲಿ, ಆಗಲೇ ಹುಡುಗನಿಗೆ ಹೆಸರು ದಕ್ಕುವುದು, ಆದ್ದರಿಂದ ಎಲ್ಲವೂ ತೀರ್ಮಾನವಾಗಿದೆ: ಮುದುಕ ಹೂಂ ಅಂದಾಗ ಅನಂತರಾಮ ಬೆನ್ನು ತಿರುಗಿಸಿ ಬಗ್ಗಿ ಮೂಲೆಯ ಕಂಬದ ದಿಂಬು ಸರಿಮಾಡುತ್ತಾನೆ, ಕಶ್ಯಪ ಮಡಚುವ ಕುರ್ಚಿಯಿಂದ ಬೆನ್ನಿಗೆ ಹೊಡೆಯುತ್ತಾನೆ, ಮುದುಕ ಬೀಳುತ್ತಾನೆ, ಕಶ್ಯಪ ಅವನ ಮೇಲೆ ಒರಗುತ್ತಾನೆ, ರೆಫರಿ ಮೂರು ಎಣಿಸುತ್ತಾನೆ, ಕನೆಮೊರಿ ಸೋಲುತ್ತಾನೆ, ಗಂಟೆ ಹೊಡೆಯುತ್ತದೆ, ಬಣ್ಣದ ಕಾಗದದ ಸುರುಳಿಗಳು ಹಾರಿ ಬರುತ್ತವೆ, ಎಲ್ಲರೂ ಅಳುತ್ತಾರೆ, ಆಮೇಲೆ ಹಾಕರ್ ಸೆಂಟರಿನಲ್ಲಿ ಅಗ್ಗದ ಊಟ.

ಸೋಲುವುದರಲ್ಲಿ ಅವನಿಗೆ ಸಮನಾದವರಿಲ್ಲ, ಉತ್ತರ ಜಪಾನಿನ ಯಾವುದೋ ಮೀನುಗಾರರ ಊರು, ಅಪ್ಪನ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದನಂತೆ, ಸಮುದ್ರಕ್ಕೆ ಆಗದವನು ಎಂದು ಮನೆಯವರು ಕೈಬಿಟ್ಟ ಮೇಲೆ ಟೋಕಿಯೋಗೆ ಬಂದು ಕುಸ್ತಿ ಕಂಪನಿಯ ಗೇಟಿನ ಮುಂದೆ ಕೂತ, ಕುಳ್ಳ ಅಂತ ಓಡಿಸಿದರು, ಮತ್ತೆ ಬಂದು ಕೂತ, ಕೊನೆಗೆ ಹಾಲು ತರುವವನಿಗೆ ದಾರಿ ಬಿಡಿಸಲೆಂದು ಒಳಗೆ ಸೇರಿಸಿಕೊಂಡರು, ಮೊದಲ ವರ್ಷವೆಲ್ಲ ಹಿರಿಯರ ಬೆನ್ನುಜ್ಜುವುದು, ದೊಡ್ಡ ಪಾತ್ರೆಯಲ್ಲಿ ಮೀನು-ಎಲೆಕೋಸಿನ ಸಾರು ಕದಡುವುದು, ಮತ್ತೆ ಬಸ್ಕಿ, ನೆಲದಲ್ಲಿ ಬೆವರಿನ ಕೊಚ್ಚೆಯಾಗುವವರೆಗೆ ಬಸ್ಕಿ, ಅದನ್ನು ಅವರು ಹಿಂದೂ ಸ್ಕ್ವಾಟ್ ಅನ್ನುತ್ತಾರೆ, ಇಲ್ಲಿನ ಹುಡುಗರು ತಾಲೀಮು ಮಾಡುವ ಸೆಂಬವಾಂಗ್‌ನ ಗೋದಾಮಿನ ಮಹಡಿಯಲ್ಲಿ ಮೊದಲ ಸಲ ಪರಿಚಯವಾದಾಗ ಮುದುಕ ಭಕ್ತಿಯಿಂದ ಕೇಳಿದ್ದ, ನೀನು ಹಿಂದೂ ಅಲ್ಲವೇ, ದಿನಕ್ಕೆಷ್ಟು ಹೊಡೆಯುತ್ತೀ, ಹೋಂವರ್ಕ್ ಮಾಡದ ದಿನ ಮೇಷ್ಟ್ರು ಹೊಡೆಸಿದ್ದಷ್ಟೇ ಎಂದು ಹೇಳುವ ಧೈರ್ಯ ಅನಂತರಾಮನಿಗೆ ಆಗಲಿಲ್ಲ, ನಮ್ಮೂರಲ್ಲಿ ಗರಡಿ ಮನೆಗಳೇ ಇವೆ ಅಂದ, ಅದು ಸುಳ್ಳಲ್ಲ, ಒಳಗೆ ಕಾಲಿಟ್ಟಿರಲಿಲ್ಲ ಅಷ್ಟೇ, ಮುದುಕ ತಲೆಬಾಗಿದ, ರೆಫರಿಯ ಕೆಲಸ ಸಿಕ್ಕಿದ್ದು ಆ ಗರಡಿ ಮನೆಯ ಪುಣ್ಯದಿಂದ. ಮುದುಕ ಶಾಲೆಯ ಜಿಮ್‌ಗಳಲ್ಲಿ ಸೋತ, ಮೀನು ಮಾರುಕಟ್ಟೆಯ ಪಾರ್ಕಿಂಗ್‌ನಲ್ಲಿ ಹಿಮ ಬೀಳುವಾಗ ಸೋತ, ಮೆಕ್ಸಿಕೋದಲ್ಲಿ ಮುಖವಾಡ ಹಾಕಿ ಸೋತ, ಅಲ್ಲಿ ಕಿರುಬೆರಳು ಮುರಿದು ಡೊಂಕಾಗಿಯೇ ಕೂಡಿಕೊಂಡಿತು, ಅವನನ್ನು ಗೆದ್ದವರೆಲ್ಲ ಚಾಂಪಿಯನ್ನರಾಗಿ ಟಿವಿಯಲ್ಲಿ ನೂಡಲ್ಸ್ ಮಾರಿದರು, ಗೆಲ್ಲೋದಕ್ಕೆ ಎದೆ ಇದ್ದರೆ ಸಾಕು, ಜನ ನಂಬೋ ಹಾಗೆ ಸೋಲೋದಕ್ಕೆ ಕತ್ತು ಬೇಕು ಅನ್ನುತ್ತಿದ್ದ, ಆ ಕತ್ತಿನಲ್ಲೀಗ ಲೋಹದ ತಗಡು ಮತ್ತು ಸ್ಕ್ರೂ, ಜಪಾನಿನ ಡಾಕ್ಟರು ಇನ್ನು ಸಾಕು ಅಂದರು, ಆಗಲಿ ಅಂದು ಆ ಡಾಕ್ಟರಿಗೆ ಕಾಣದ ದೇಶಕ್ಕೆ ಬಂದ, ಹುಡುಗರಿಗೆ ಕಲಿಸುತ್ತ ಹೌಗಾಂಗ್‌ನ ಒಂದು ರೂಮಿನಲ್ಲಿದ್ದಾನೆ, ಮನೆಯೊಡತಿ ಚೀನೀ ಅಜ್ಜಿ ಅವನನ್ನು ಮಸಾಜು ಮಾಡುವವನೆಂದು ತಿಳಿದಿದ್ದಾಳೆ, ಅವನು ತಿದ್ದಿಲ್ಲ, ತಿಂಗಳಿಗೊಮ್ಮೆ ಅವಳ ಭುಜ ಒತ್ತಿಕೊಡುತ್ತಾನೆ — ಒತ್ತುವುದು, ಅದೇ ಈ ಕಸುಬಿನ ಗುಟ್ಟು, ಬಿದ್ದವನ ಕೈಯನ್ನು ರೆಫರಿ ಹಿಡಿಯುತ್ತಾನೆ, ಜನರ ಕಣ್ಣಿಗೆ ಅದು ಪರೀಕ್ಷೆ, ಒಳಗೆ ಅದು ಮಾತುಕತೆ, ಬಿದ್ದವನು ಒತ್ತಿದರೆ ಚೆನ್ನಾಗಿದ್ದೇನೆ ಮುಂದುವರಿಸು ಎಂದು, ಒತ್ತದಿದ್ದರೆ ರೆಫರಿ ತಲೆಯ ಮೇಲೆ ತೋಳುಗಳನ್ನು ಕತ್ತರಿ ಹಾಕಬೇಕು, ನಾಟಕ ಮುಗಿಯಿತು, ಇದು ನಿಜ, ಯಾರೂ ಮುಟ್ಟಬೇಡಿ.

ಹೋದ ವಾರ ಗೋದಾಮಿನಲ್ಲಿ ಅದೇ ಆಯಿತು, ಮುದುಕ ಬಿದ್ದ, ಕೈ ಹಿಡಿದರೆ ಒತ್ತಲಿಲ್ಲ, ಅನಂತರಾಮ ಕತ್ತರಿ ಹಾಕಿದ, ತಕ್ಷಣ ಮುದುಕ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ, ಹುಡುಗರೆಲ್ಲ ನಕ್ಕರು, ಮುದುಕ ನಗಲಿಲ್ಲ, ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ, ಕೊನೇ ದಿನ ಕತ್ತರಿ ಇಲ್ಲ, ಕತ್ತು ಮುರಿದರೂ ಇಲ್ಲ, ನಾನು ಸೋಲಬೇಕು, ನೀನು ಎಣಿಸಬೇಕು, ಮಾತು ಕೊಡು, ಅನಂತರಾಮ ಕೊಟ್ಟ, ಬಂದವರನ್ನು ಬೀಳ್ಕೊಡುವಾಗ ಮತ್ತೆ ಬನ್ನಿ ಅನ್ನುತ್ತೇವಲ್ಲ, ಅಷ್ಟು ಸಲೀಸಾಗಿ — ಲೇಸಿನ ತುದಿ ಮೇಲೆ ಈಗ ಕಶ್ಯಪ ಕಾಲಿಟ್ಟ, ಅನಂತರಾಮ ಮುಗ್ಗರಿಸಿ ಮುದುಕನ ಮೇಲೇ ಬೀಳುವವನಿದ್ದ, ಹಗ್ಗ ಹಿಡಿದು ನಿಂತ, ಕಶ್ಯಪ ರಿಂಗಿನ ಹೊರಗೆ ಜಿಗಿದು ಕುರ್ಚಿ ಎತ್ತಿಕೊಂಡು ಜನರನ್ನು ಬೈಯುತ್ತಿದ್ದಾನೆ, ಮುದುಕ ಆ ಕಡೆ ತಿರುಗಿ ಯಾರಿಗೋ ಕೈಬೀಸುತ್ತಿದ್ದಾನೆ, ಒಂದು ಗಂಟು, ಒಂದೇ ಗಂಟು, ಯಾರು ನೋಡುತ್ತಾರೆ, ವಾರವೆಲ್ಲ ತಪ್ಪು ಹುಡುಕುವವನ ಬೆರಳು ತಪ್ಪು ಕಂಡಾಗ ಸುಮ್ಮನಿರುವುದಿಲ್ಲ, ಮೂಲೆಗೆ ಸರಿದ, ಬೆನ್ನು ತಿರುಗಿಸಿದ, ಬಗ್ಗಿದ.

ಕುರ್ಚಿಯ ಸದ್ದು ಚೆನ್ನಾಗಿತ್ತು, ಜನ ಓಹೋ ಅಂದರು, ಬೆನ್ನಿಗೆ ಬಿದ್ದರೆ ಅಗಲವಾದ ಸದ್ದು, ಇದು ಗಿಡ್ಡ ಸದ್ದು, ತಿರುಗಿದರೆ ಮುದುಕ ಬೋರಲಾಗಿ ಬಿದ್ದಿದ್ದಾನೆ, ಕುರ್ಚಿ ಹಿಡಿದ ಕಶ್ಯಪನ ಮುಖದಲ್ಲಿ ಖಳನ ನಗು ಹಾಗೇ ಅಂಟಿಕೊಂಡಿದೆ, ತುಟಿ ಮಾತ್ರ ಅಲುಗುತ್ತಿದೆ, ಅಂಕಲ್, ನೀವು ಬಗ್ಗಿದ್ರಲ್ಲ, ಹೊಡಿ ಅನ್ನೋ ಕ್ಯೂ ಅಂದ್ಕೊಂಡೆ, ಸರ್ ರೆಡಿ ಇರ್ಲಿಲ್ಲ, ಕತ್ತಿಗೆ ತಗಲ್ತು, ಪಿನ್ ಮಾಡ್ಲಾ, ಅಂಕಲ್, ಹೇಳಿ, ಪಿನ್ ಮಾಡ್ಲಾ ಬೇಡ್ವಾ, ಪಿನ್ ಮಾಡಬೇಕೆಂದರೆ ಮುದುಕನನ್ನು ಮಗುಚಬೇಕು, ಕಾಲೆತ್ತಿ ಮಡಿಸಬೇಕು, ಆ ಕತ್ತಿನ ಮೇಲೆ ಹುಡುಗನ ಭಾರ, ಸ್ವಲ್ಪ ತಡಿ ಕಶ್ಯಪ್, ಜನರಿಗೆ ಬೈತಾ ಇರು, ಬೈ, ಅನಂತರಾಮ ಮಂಡಿಯೂರಿ ಕೈ ಹಿಡಿದ, ಡೊಂಕು ಕಿರುಬೆರಳಿನ ಕೈ, ಹಗ್ಗ ತಿಕ್ಕಿ ತಿಕ್ಕಿ ಚಕ್ಕಳವಾದ ಅಂಗೈ, ಒತ್ತು, ಕನೆಮೊರಿ ಸಾನ್, ಒತ್ತು, ಇಲ್ಲ, ಇದೂ ಹೋದ ವಾರದ ಆಟವೇ ಇರಬೇಕು, ಮಾತು ಉಳಿಸಿಕೊಳ್ಳುತ್ತಾನೋ ನೋಡೋಣ ಅಂತ, ಎಂಥ ನಟ, ಮೆಕ್ಸಿಕೋದವರನ್ನೇ ನಂಬಿಸಿದವನು, ಕತ್ತರಿ ಹಾಕಿದರೆ ಎದ್ದು ಕೂತು ಧೂಳು ಕೊಡವುತ್ತಾನೆ, ಇಡೀ ಬದುಕಿನ ಕೊನೆಯ ಸೋಲನ್ನು ಒಬ್ಬ ಸಾಫ್ಟ್‌ವೇರಿನವನು ಹೆದರಿ ಕಸಿದುಕೊಂಡ ಅಂತಾಗುತ್ತದೆ, ಹಾಕದಿದ್ದರೆ, ಜಾನ್ವಿ ಸಿಂಗಪುರದ ರಾಗದಲ್ಲಿ ಕೂಗುತ್ತಿದ್ದಾಳೆ, ಅಪ್ಪಾ, ಕೌಂಟ್ ಮಾಡು ಲಾ, ಸುತ್ತಲಿನವರೂ ಹಿಡಿದುಕೊಂಡರು, ಕೌಂಟ್, ಕೌಂಟ್, ಚಪ್ಪಾಳೆಯ ತಾಳಕ್ಕೆ, ಆ ಕಡೆಯ ಸಾಲುಗಳಲ್ಲಿ ಕಾಗದದ ಸುರುಳಿ ಹಿಡಿದ ಕೈಗಳು ಮೇಲೆದ್ದಿವೆ, ಒತ್ತು ಮಾರಾಯ, ಡೊಂಕು ಬೆರಳಾದರೂ ಅಲುಗಲಿ, ಅನಂತರಾಮ ಕೆನ್ನೆಯನ್ನು ರಿಂಗಿನ ನೆಲಕ್ಕೆ ತಾಗಿಸಿ ನೋಡಿದರೆ ಮುದುಕನ ಕಣ್ಣು ತೆರೆದೇ ಇದೆ, ನೋವೂ ಇಲ್ಲ ಅದರಲ್ಲಿ, ಬರೀ ಅಸಹನೆ, ಕಲಿಯದ ಹುಡುಗನನ್ನು ನೋಡುವ ಮೇಷ್ಟರ ಕಣ್ಣು, ತುಟಿ ತೆರೆಯಿತು, ಐ ಸ್ಕ್ವೀಝ್, ಅಂದ, ಓಕೆ, ಐ ಸ್ಕ್ವೀಝ್, ಕೌಂಟ್.

ಒತ್ತುತ್ತಿದ್ದೇನೆ ಅನ್ನುತ್ತಿದ್ದಾನೆ, ಕೈ ಇಲ್ಲಿದೆ, ಅನಂತರಾಮನ ಕೈಯೊಳಗೆ ಇದೆ, ಬೆಚ್ಚಗಿದೆ, ಒತ್ತುತ್ತಿಲ್ಲ, ಬಲವಾಗಿ ಒತ್ತುತ್ತಿರುವವನ ಹಾಗೆ ಅವನ ದವಡೆ ಬಿಗಿದಿದೆ, ಹುಬ್ಬು ಗಂಟಿಕ್ಕಿದೆ, ಐ ಸ್ಕ್ವೀಝ್, ಡೊಂಕು ಕಿರುಬೆರಳು ಹಾಗೇ ಇದೆ, ಅಂಗೈ ಮೇಲ್ಮುಖವಾಗಿ ತೆರೆದುಕೊಂಡಿದೆ, ಏನನ್ನೋ ಕೇಳಿ ಪಡೆಯುವವನ ಕೈಯ ಹಾಗೆ, ಆ ಕೈ, ಒತ್ತುತ್ತಿದ್ದೇನೆ ಅನ್ನುವವನ ಕೈ, ಆ ಕೈ —

ಅನಂತರಾಮ ಎದ್ದು ನಿಂತು ತಲೆಯ ಮೇಲೆ ತೋಳುಗಳನ್ನು ಕತ್ತರಿ ಹಾಕಿದ. ಪಂದ್ಯ ರದ್ದಾಯಿತು. ಕನೆಮೊರಿ ಸೋಲಲಿಲ್ಲ.