ದ್ವೀಪದ ಗಿಡಕ್ಕೆ ದಿಷ್ಟಿ

"ಯಾವ ಮುಂಡೇದೇ ಈ ಚಪ್ಪಲಿ? ಯಾವಳೇ ಕಟ್ಟಿದ್ದು?"

ತೋಟದ ಯಜಮಾನ ಹಯಗ್ರೀವರ ಕೂಗಿಗೆ ಗುಲಾಬಿ ಕೊಯ್ಯುತ್ತಿದ್ದ ಹೆಂಗಸರ ಕತ್ತರಿಗಳೆಲ್ಲ ಗಪ್ಪನೆ ನಿಂತವು. ಗಾಜಿನ ಮನೆಯೊಳಗೆ, ಮೊಳದುದ್ದದ ಗಿಡದ ಕೊರಳಲ್ಲಿ ಹರಿದ ಹವಾಯಿ ಚಪ್ಪಲಿಯೊಂದು ತೂಗಾಡುತ್ತಿತ್ತು.

"ನಂದೇ ಸಾಮಿ," ಎನ್ನುತ್ತ ಗುಲಾಬಿ ಸಾಲಿನಿಂದ ಒಳಗೆ ಬಂದಳು ಪಿಳ್ಳಮ್ಮ. "ಕಾರಲ್ಲಿ ಬಂದೋರೆಲ್ಲ ನೋಡ್ಕೊಂಡು ಹೋಯ್ತವ್ರೆ. ಎಲೆ ಬಾಡ್ತಾ ಅದೆ. ದಿಷ್ಟಿ ತಾಕೈತೆ ಅಂತ ಕಟ್ದೆ. ಕುಂಬಳಬಳ್ಳಿಗೂ ಕಟ್ತೀವಲ್ಲ."

"ಕುಂಬಳಬಳ್ಳೀನಾ! ದ್ವೀಪದ ಕಾಡಿನ ಗಿಡ ಕಣೇ ಇದು! ಅಲ್ಲಿ ಬಿಟ್ರೆ ಬೇರೆಲ್ಲೂ ಹುಟ್ಟಲ್ಲ. ಅಲ್ಲೂ ಅಳಿದು ಹೋಗ್ತಾ ಇದೆ!" ಕಿತ್ತು ಬಿಸಾಡಲು ಕೈ ಚಾಚಿದವರಿಗೆ ಅದು ಯಾರ ಕಾಲಿನದೆಂದು ನೆನಪಾಯಿತು. ಕೈ ಹಾಗೇ ಹಿಂದಕ್ಕೆ ಬಂತು. "ತೆಗಿಯೇ, ಹೊಲಸು ಮುಂಡೆ!"

ಪಿಳ್ಳಮ್ಮ ಅಲುಗಲಿಲ್ಲ. ಏಳು ಕಡಲಾಚೆಯ ರಾಜಕುಮಾರಿಯನ್ನು ಹೆಬ್ಬಾವು ಕಾಯುತ್ತದೆ ಎಂದು ಅವಳ ಅಜ್ಜಿ ಕತೆ ಹೇಳುತ್ತಿದ್ದಳು. ಕಡಲಾಚೆಯ ಈ ಗಿಡಕ್ಕೆ ಹಯಗ್ರೀವರೇ ಕಾವಲು. ಗಿಡಕ್ಕೆ ಫ್ಯಾನು, ಗಿಡಕ್ಕೆ ಕ್ಯಾನಿನ ಸಿಹಿನೀರು. ಆಳುಗಳಿಗೆ ಮಾತ್ರ ಹುಳದ ಔಷಧಿ ಕಲಸುವ ಡ್ರಮ್ಮಿನ ನೀರು. ಅದನ್ನು ಕುಡಿದೇ ಬಸುರಿ ನಾಗವೇಣಿ ಕಾರಿಕೊಂಡಿದ್ದಳು. ಬೆಳಗ್ಗೆ ಅವಳು ಕ್ಯಾನಿಗೆ ಕೈ ಹಾಕಿದರೆ ಹಯಗ್ರೀವರು ಲೋಟ ಕಿತ್ತೆಸೆದಿದ್ದರು: "ನೀನು ಸತ್ರೆ ಕೆಲಮಂಗಲದಿಂದ ಇನ್ನೊಬ್ಬಳು ಬರ್ತಾಳೆ. ಇದು ಸತ್ರೆ ಎಲ್ಲಿಂದ ತರೋದೇ?"

ಹೊರಗೆ ಕಾರಿನ ಹಾರನ್ ಕೇಳಿಸಿತು. ಇಂಥ ಅಪರೂಪದ ಗಿಡವನ್ನು ಇವರು ಇಟ್ಟುಕೊಳ್ಳಬಹುದೋ ಬಾರದೋ ಎಂದು ನೋಡಿ ಹೇಳುವ ಅಧಿಕಾರಿ ರಮಾದೇವಿ ಬಂದೇಬಿಟ್ಟಿದ್ದರು. ಚಪ್ಪಲಿ ಅವರ ಕಣ್ಣಿಗೆ ಬಿದ್ದರೆ ಗಿಡ ಕೈತಪ್ಪಿದಂತೆಯೇ.

ಹಯಗ್ರೀವರು ಕೋಲೊಂದನ್ನು ತಂದು ಚಪ್ಪಲಿ ಎತ್ತಹೋದರು. ಎಳೆಕಾಂಡ ಬಾಗಿತು. ಕೂಡಲೇ ಕೋಲನ್ನು ಕೆಳಗೆ ಹಾಕಿದರು.

"ಶಿವಣ್ಣ, ನೀನಾದ್ರೂ ಬಿಚ್ಚೋ!"

ಮೇಸ್ತ್ರಿ ಶಿವಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಕಟ್ದೋರೇ ಬಿಚ್ಬೇಕು ಸಾಮಿ. ಬ್ಯಾರೇರು ಮುಟ್ಟುದ್ರೆ ದಿಷ್ಟಿ ಅವ್ರಿಗೇ ಅಮರ್ಕೊಂತದೆ. ಮನೇಲಿ ಮಕ್ಳವ್ರೆ."

ಪಿಳ್ಳಮ್ಮನ ತಲೆಯಲ್ಲಿ ಏನೋ ಮಿಂಚಿತು.

"ಬಿಚ್ತೀನಿ ಸಾಮಿ. ನಮ್ ನಾಗಿಗೆ ಮೊದ್ಲು ಕ್ಯಾನ್ ನೀರು ಬುಡಿ."

"ನಿನ್ನ ನಾಲಿಗೆ ಸೀಳಿಬಿಡ್ತೀನಿ, ಬೋಳಿ!"

"ಸೀಳಿ. ಆಮ್ಯಾಕೆ ಬಿಚ್ಚೋರ್ಯಾರು?"

"ಹಯಗ್ರೀವರೇ, ಒಳಗೆ ಬರಬಹುದಾ?" ರಮಾದೇವಿಯ ದನಿ ಬಾಗಿಲ ಹತ್ತಿರವೇ ಕೇಳಿತು.

"ಒಂದ್ನಿಮಿಷ ಮೇಡಂ! ಗಿಡಕ್ಕೆ ಸ್ವಲ್ಪ... ಗಾಳಿ ಬಿಡ್ತಾ ಇದೀವಿ!"

ಹಣೆಯ ಬೆವರು ಒರೆಸಿಕೊಂಡು ಹಯಗ್ರೀವರು ಕ್ಯಾನು ಎತ್ತಿ ಬಗ್ಗಿಸಿದರು. ಗುಲಾಬಿ ಸಾಲಿನಿಂದ ನಾಗವೇಣಿ ಒಳಗೆ ಬಂದು ಬೊಗಸೆಯೊಡ್ಡಿ ಗಟಗಟ ಕುಡಿದಳು. ಅವಳ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತ ಪಿಳ್ಳಮ್ಮ, ಆಮೇಲೆ ತಾನೂ ಬೊಗಸೆಯೊಡ್ಡಿದಳು. ನೀರು ಇಷ್ಟು ತಣ್ಣಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಆಯ್ತಲ್ಲ? ಬಿಚ್ಚೇ ತಾಯಿ!" ಹಯಗ್ರೀವರ ಬಾಯಿಂದ ಮುಂಡೆ, ಬೋಳಿ ಎರಡೂ ಉದುರಿಹೋಗಿದ್ದವು.

ಪಿಳ್ಳಮ್ಮ ಸೆರಗಿನಲ್ಲಿ ಬಾಯೊರೆಸಿಕೊಂಡು ಗುಲಾಬಿ ಸಾಲುಗಳತ್ತ ತಿರುಗಿದಳು.

"ಲೇ, ಬನ್ರೇ ಎಲ್ರೂವೆ! ಸಾಮಿ ನೀರು ಬುಡ್ತಾವ್ರೆ!"

ಕತ್ತರಿಗಳು ಬುಟ್ಟಿಗೆ ಬಿದ್ದವು. ಹೆಂಗಸರು ಒಬ್ಬರ ಹಿಂದೊಬ್ಬರು ಗಾಜಿನ ಮನೆಯೊಳಗೆ ನುಗ್ಗಿ ಬೊಗಸೆಯೊಡ್ಡಿದರು. ಹಯಗ್ರೀವರು ಕ್ಯಾನು ಬಗ್ಗಿಸಿಕೊಂಡು ನಿಂತೇ ಇದ್ದರು. ಕಾದು ಸಾಕಾಗಿ ರಮಾದೇವಿ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು.

ಪಿಳ್ಳಮ್ಮ ಕೈ ಅಡ್ಡ ಹಿಡಿದಳು.

"ಹಿಂದ್ಗಡೆ ನಿಂತ್ಕಳವ್ವ. ಎಲ್ರಿಗೂ ಬತ್ತದೆ."